ಪರದೆ ಡೇರೆಯಾದ ಚಳಿಗಾಲ

ಮೆಲಿಶಾ ಬಂದಳು! ನರ್ಸ್ ಕೆಲಸದ ವೀಸಾ ಹಿಡಿದುಕೊಂಡು ಇವತ್ತು ಬೆಳಿಗ್ಗೆ ಅಬುಧಾಬಿಯಲ್ಲಿ ಬಂದಿಳಿದಳು ನಮ್ಮ ಹುಡುಗಿ. ನನ್ನ ಪುಳ್ಳಿ, ಮಗನ ಮಗಳು ಸಂಜನಾ ಏರ್‌ಪೋರ್ಟಿನಲ್ಲಿ ಓಡಿಹೋಗಿ ತಬ್ಬಿಕೊಂಡ ರಭಸಕ್ಕೆ ಇಬ್ಬರೂ ಟ್ರಾಲಿಯ ಮೇಲೆ ದಬಕ್ಕನೆ ಬಿದ್ದರು. ನಾನು ಅತ್ತೆ, ನಕ್ಕೆ, ಪಕ್ಕದಲ್ಲಿ ನಿಂತಿದ್ದ ಯಾರೋ ಅರಬ್ಬಿ ಹೆಂಗಸಿನ ಕೈ ಹಿಡಿದು "ನಮ್ಮ ಮಗು, ನಮ್ಮ ಮಗು" ಎಂದೆ. ಅವರಿಗೆ ಏನು ಅರ್ಥವಾಯಿತೋ, ಚೀಲಕ್ಕೆ ಕೈ ಹಾಕಿ ನನಗೊಂದು ಖರ್ಜೂರ ಕೊಟ್ಟರು. ಅದರ ಸಿಹಿ ಇನ್ನೂ ಬಾಯಲ್ಲಿದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬೀಡಿ ಕಟ್ಟುತ್ತಲೇ ದೊಡ್ಡವಳಾದೆ. ನನ್ನ ಬಾಲ್ಯವೆಂದು ಬರೆಯಲು ಹೆಚ್ಚೇನೂ ಇಲ್ಲ. ಬರೆಯುವುದಿದ್ದರೆ ಈ ಎರಡು ಹುಡುಗಿಯರ ಒಂದು ಚಳಿಗಾಲವನ್ನೇ ಬರೆಯಬೇಕು. ಅದರೊಳಗೆ ನಾನೂ ಇದ್ದೆ. ತಲೆ ನರೆತ ಮೇಲೆ ನನಗೆ ಸಿಕ್ಕಿದ ಬಾಲ್ಯ ಅದು.

ಆ ದಿನಗಳಲ್ಲಿ ಇಲ್ಲಿನ ಎಲೆಕ್ಟ್ರಾ ಸ್ಟ್ರೀಟಿನ ಹಳೆ ಬಿಲ್ಡಿಂಗುಗಳಲ್ಲಿ ನಮ್ಮಂಥವರು ಒಂದು ಫ್ಲ್ಯಾಟಿನಲ್ಲಿ ಎರಡು ಸಂಸಾರ ಮಾಡಿಕೊಂಡು ಬದುಕುತ್ತಿದ್ದರು. ಒಂದು ಕೋಣೆ ನಮ್ಮದು: ನನ್ನ ಮಗ ಸುಧಾಕರ, ಸೊಸೆ, ಸಂಜನಾ, ನಾನು. ಇನ್ನೊಂದು ಕೋಣೆ ಉಳ್ಳಾಲದ ವಿಕ್ಟರನದು: ಅವನು, ಹೆಂಡತಿ ಹಿಲ್ಡಾ ಬಾಯಿ, ಮಗಳು ಮೆಲಿಶಾ. ಅಡುಗೆಮನೆ ಇಬ್ಬರಿಗೂ ಒಂದೇ. ಹಾಲ್‌ಗೆ ಮಾತ್ರ ನಡುವೆ ಗೋಡೆಯಿಂದ ಗೋಡೆಗೆ ಕಬ್ಬಿಣದ ಪೈಪು ಹಾಕಿ ಒಂದು ದಪ್ಪ ಕಂದು ಪರದೆ ಇಳಿಬಿಟ್ಟಿದ್ದರು. ಎಣ್ಣೆಯ ಕಮಟು, ಮೀನಿನ ವಾಸನೆ, ಅಗರಬತ್ತಿಯ ಹೊಗೆ, ಎಲ್ಲವನ್ನೂ ಕುಡಿದ ಪರದೆ.

ಜಗಳಕ್ಕೆ ಮೂಲ ಎ.ಸಿ. ಅದು ಇದ್ದದ್ದು ಪರದೆಯ ನಮ್ಮ ಕಡೆ. ಬೇಸಿಗೆಯಲ್ಲಿ ವಿಕ್ಟರ್ ಪರದೆಯ ಕೆಳಗಂಚನ್ನು ಕಾಲಿನಿಂದ ಮೆಲ್ಲಗೆ ಎತ್ತಿಡುತ್ತಿದ್ದ, ಒಂದಿಷ್ಟು ತಂಪು ಬರಲಿ ಎಂದು. ಸುಧಾಕರ ಅದರ ಮೇಲೆ ಕುಚ್ಚಲಕ್ಕಿಯ ಮೂಟೆ ತಂದಿಟ್ಟ. "ಕರೆಂಟ್ ಬಿಲ್ ನಾನು ಕಟ್ಟೋದು, ಗಾಳಿ ಅವನಿಗಾ?" ಎಂದ. ಆಮೇಲೆ ಇಬ್ಬರ ನಡುವೆ ಮಾತೇ ನಿಂತಿತು. ಚಳಿಗಾಲ ಬಂದು ಎ.ಸಿ. ಬಂದ್ ಆದರೂ ಮೂಟೆ ಅಲ್ಲಿಂದ ಕದಲಲಿಲ್ಲ.

ಹುಡುಗಿಯರಿಗೆ ಇದು ಯಾವುದೂ ಲೆಕ್ಕಕ್ಕಿಲ್ಲ. ಇಬ್ಬರಿಗೂ ಆಗ ಹದಿನಾಲ್ಕೋ ಹದಿನೈದೋ. ಅವರ ಕ್ಲಾಸಿನ ಮಕ್ಕಳು ದೊಡ್ಡ ದೊಡ್ಡ ಗಾಡಿಗಳಲ್ಲಿ ಮರಳುಗಾಡಿಗೆ ಹೋಗಿ, ಡೇರೆ ಹೊಡೆದು, ಬೆಂಕಿ ಹಾಕಿ, ರಾತ್ರಿಯಿಡೀ ಇದ್ದು ಬರುತ್ತಿದ್ದರು. ಇವರಿಗೂ ಹೋಗಬೇಕು. ಅದೂ ಆ ಚಳಿಗಾಲದಲ್ಲೇ ಹೋಗಬೇಕು. ಏಕೆಂದರೆ ವಿಕ್ಟರನ ಕಂಪನಿ ಮುಚ್ಚುತ್ತಿತ್ತು, ವೀಸಾ ಕ್ಯಾನ್ಸಲ್ ಆಗಿ ಮೆಲಿಶಾ ಊರಿಗೆ ಹೊರಡುವವಳಿದ್ದಳು. ಆ ವೀಸಾದ ಸುದ್ದಿಯನ್ನು ಸಂಜನಾ ನನಗೊಬ್ಬಳಿಗೆ ಹೇಳಿದ್ದಳು. "ಒಂದೇ ಒಂದು ನೈಟ್, ಅಜ್ಜಿ. ನಾವಿಬ್ರೂ, ಒಂದು ಟೆಂಟ್. ಪ್ಲೀಸ್!"

ಮಗಳ ಹಠಕ್ಕೆ ಸೋತ ಸುಧಾಕರ ಶುಕ್ರವಾರಗಳಂದು ತಾನು ಕೆಲಸಕ್ಕಿದ್ದ ಅಂಗಡಿಯ ಪಿಕಪ್ಪಿನಲ್ಲಿ ಹುಡುಗಿಯರನ್ನೂ ನನ್ನನ್ನೂ ಕೂರಿಸಿಕೊಂಡು ಜಾಗ ಹುಡುಕಲು ಹೋಗುತ್ತಿದ್ದ. ಕಡಲತೀರದಲ್ಲಿ ವಾಚ್‌ಮನ್ ಕೋಲು ಬೀಸಿ ಓಡಿಸಿದ. ಹೈವೇ ಬದಿಯ ಮರಳುದಿಣ್ಣೆಯಲ್ಲಿ ನಾಲ್ಕು ಚಕ್ರದ ಬೈಕುಗಳು ಹುಚ್ಚೆದ್ದು ಹಾರುತ್ತಿದ್ದವು, ಒಂದು ನನ್ನ ಸೀರೆಯ ಸೆರಗು ಸವರಿಕೊಂಡೇ ಹೋಯಿತು. ಸಂಜನಾ ಆ ಸವಾರನಿಗೆ ಮರಳು ತೂರಿ ಬೈದ ಮಾತು ಇಲ್ಲಿ ಬರೆಯುವಂಥದ್ದಲ್ಲ. ದುಬೈಗೆ ಮದುವೆಗೆ ಹೋದಾಗ ನೈಫ್ ಮಾರುಕಟ್ಟೆಯಲ್ಲಿ ಡೇರೆ ನೋಡಿದೆವು. ಬಟ್ಟೆ ಮುಟ್ಟಿ ಮುಟ್ಟಿ ನೋಡಿದ ಹುಡುಗಿಯರು ಬೆಲೆ ಕೇಳಿ ಕೈ ಹಿಂದೆ ತೆಗೆದರು. ಕೊನೆಗೆ ಒಂಟೆ ಸಾಕುವವರ ಕೊಟ್ಟಿಗೆಯಾಚೆ, ಕಡಲಿಗೆ ಹತ್ತಿರ, ನಮ್ಮ ಬನ್ನಿಯಂಥ ಒಂದು ಗಾಫ್ ಮರದ ಬುಡ ಕಂಡಿತು. ಯಾರೂ ಇಲ್ಲ, ಕೇಳುವವರಿಲ್ಲ.

ಜಾಗ ಸಿಕ್ಕಿತು. ಆದರೆ ತಾನಿಲ್ಲದೆ ಮಗಳನ್ನು ರಾತ್ರಿ ಹೊರಗೆ ಬಿಡುವುದಿಲ್ಲ ಎಂದ ವಿಕ್ಟರ್. ಅವನನ್ನು ತನ್ನ ಪಿಕಪ್ಪಿಗೆ ಹತ್ತಿಸುವುದಿಲ್ಲ ಎಂದ ಸುಧಾಕರ. "ಖಲಾಸ್, ಇನ್ನು ಆ ಸುದ್ದಿ ಬೇಡ!"

ಹುಡುಗಿಯರು ಏನು ಮಾಡಿದರು ಗೊತ್ತೇ? ಒಂದು ಸಂಜೆ ಸ್ಟೂಲು ಹತ್ತಿ ಹಾಲ್‌ನ ಪರದೆಯನ್ನೇ ಪೈಪು ಸಮೇತ ಕೆಳಗಿಳಿಸಿದರು. ಸುಧಾಕರ ಡ್ಯೂಟಿ ಮುಗಿಸಿ ಬಾಗಿಲು ತೆಗೆದಾಗ ಪರದೆ ನೆಲದ ಮೇಲೆ ಹರಡಿತ್ತು, ಸಂಜನಾ ಅದರ ಅಂಚಿಗೆ ಹಗ್ಗ ಪೋಣಿಸುತ್ತಿದ್ದಳು. ಎದುರಿಗೆ, ಎಷ್ಟೋ ತಿಂಗಳ ನಂತರ, ಲುಂಗಿ ಬನಿಯನ್ನಿನಲ್ಲಿ ಕೂತು ಗಂಜಿ ಉಣ್ಣುತ್ತಿದ್ದ ವಿಕ್ಟರ್.

ಸುಧಾಕರ ಮಗಳ ಕೆನ್ನೆಗೆ ಬಿಗಿದ. ಆ ಸದ್ದಿಗೆ ಅಡುಗೆಮನೆಯಲ್ಲಿದ್ದ ನನ್ನ ಕೈಯ ಸೌಟು ಬಿತ್ತು.

"ಹೆಣ್ಣುಮಗುವಿಗೆ ಹೊಡೀತೀರಾ? ನಾಚಿಕೆ ಇಲ್ವಾ ನಿಮ್ಗೆ?" ಎಂದು ವಿಕ್ಟರ್ ಎದ್ದ.

"ನಿನ್ನ ಮಗಳು ಕಲಿಸಿದ ಬುದ್ಧಿ ಇದು! ಬೇಕಾದದ್ದು ಗಾಳಿಯಲ್ವಾ ನಿಂಗೆ? ತಕೋ!"

ವಿಕ್ಟರ್ ಸುಧಾಕರನ ಕಾಲರಿಗೆ ಕೈ ಹಾಕಿದ. ಸುಧಾಕರ ಎದೆಗೆ ಗುದ್ದಿದ. ಗಂಜಿಯ ಬಟ್ಟಲು ಗೋಡೆಗೆ ಬಡಿದು ಚೂರಾಯಿತು. ಇಬ್ಬರೂ ಅಕ್ಕಿ ಮೂಟೆಯ ಮೇಲೆ ಉರುಳಿದರು, ಮೂಟೆ ಒಡೆದು ಕುಚ್ಚಲಕ್ಕಿ ನೆಲದ ತುಂಬಾ ಚೆಲ್ಲಿತು. ಏಳಹೋದವನು ಅಕ್ಕಿಯಲ್ಲಿ ಜಾರಿ ಬೀಳುವುದು, ಬಿದ್ದವನು ಇನ್ನೊಬ್ಬನ ಕಾಲು ಎಳೆಯುವುದು. ಒಬ್ಬನ ತುಟಿಯಲ್ಲಿ ರಕ್ತ, ಇನ್ನೊಬ್ಬನ ಬನಿಯನ್ ಹರಿದು ಎರಡು. ನಾನು ಹಿಡಿಸೂಡಿ ತಂದು ಯಾರ ಬೆನ್ನು ಎಂದು ನೋಡದೆ ಇಬ್ಬರಿಗೂ ಬಾರಿಸಿದೆ. ಆಗಲೂ ಬಿಡಲಿಲ್ಲ.

ಬಿಡಿಸಿದ್ದು ಮೆಲಿಶಾಳ ಕಿರುಚಾಟ. "ಮುಂದಿನ ತಿಂಗಳು ನಾವು ಇರೋದೇ ಇಲ್ಲ! ವೀಸಾ ಕ್ಯಾನ್ಸಲ್! ಆಮೇಲೆ ಯಾರ ಹತ್ರ ಹೊಡೆದಾಡ್ತೀರಿ, ಅಂಕಲ್?"

ಸುಧಾಕರ ಕೈ ಬಿಟ್ಟ. ಅವನಿಗೆ ಗೊತ್ತೇ ಇರಲಿಲ್ಲ. ಒಂದೇ ಮನೆಯಲ್ಲಿ, ಒಂದು ಬಟ್ಟೆಯ ಆಚೆ ಒಬ್ಬನ ಕೆಲಸ ಹೋಗಿತ್ತು, ಈಚೆಯವನಿಗೆ ತಿಳಿದಿರಲಿಲ್ಲ. ಅಕ್ಕಿಯ ಮೇಲೆ ಕೂತು ಇಬ್ಬರೂ ಏದುಸಿರು ಬಿಡುತ್ತಿದ್ದರು.

"ಹೊಡೆದು ಆಯ್ತಲ್ಲ?" ಎಂದೆ ನಾನು. "ಇನ್ನು ಅಕ್ಕಿ ಹೆಕ್ಕಿ. ಶುಕ್ರವಾರ ಎಲ್ಲರೂ ಹೋಗುವ."

ಹೋದೆವು. ಸೊಸೆಗೂ ಹಿಲ್ಡಾ ಬಾಯಿಗೂ ಅಂದು ಡ್ಯೂಟಿ. ಗಂಡಸರು ಮುಂದೆ, ಹುಡುಗಿಯರ ನಡುವೆ ನಾನು ಹಿಂದೆ, ಮಡಿಲಲ್ಲಿ ಕೋರಿ ರೊಟ್ಟಿಯ ಡಬ್ಬಿ. ಮರದ ಹತ್ತಿರ ಬಂದಾಗ ದಾರಿ ಎರಡಾಯಿತು. ಒಂದು ಕಡೆ ಒಣಗಿದ ಸಡಿಲ ಮರಳು, ಇನ್ನೊಂದು ಕಡೆ ಒದ್ದೆಯಾಗಿ ಕಪ್ಪಗೆ ಮಟ್ಟಸವಾದ ನೆಲ. ನಮ್ಮೂರ ಕಡಲತೀರದಲ್ಲಿ ಒಣ ಮರಳಿನಲ್ಲಿ ಚಕ್ರ ಹೂಳುತ್ತದೆ, ಒದ್ದೆ ಮರಳು ಕಲ್ಲಿನಂತೆ ಗಟ್ಟಿ, ಸೈಕಲ್ಲು ಬಿಡಿ ಜೀಪೂ ಓಡುತ್ತದೆ.

"ಒದ್ದೆಯಲ್ಲೇ ಬಿಡಿ," ಎಂದ ವಿಕ್ಟರ್.

"ಮತ್ತೆ? ನಮಗೆ ಕಡಲು ಕಲಿಸ್ಬೇಕಾ?" ಎಂದ ಸುಧಾಕರ.

ಅಷ್ಟು ತಿಂಗಳಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ಅದೇ ತಪ್ಪಾಯಿತು. ಈ ದೇಶದಲ್ಲಿ ಆ ಕಪ್ಪು ನೆಲ ಉಪ್ಪಿನ ಕೆಸರು. ಮೇಲೆ ಹಪ್ಪಳದಂಥ ಪದರ, ಕೆಳಗೆ ಗಂಜಿ. ಪಿಕಪ್ ಹಪ್ಪಳ ಮುರಿದು ಹೊಟ್ಟೆಯವರೆಗೆ ಕೂತುಬಿಟ್ಟಿತು. ಸುಧಾಕರ ಸ್ಟೇರಿಂಗಿಗೆ ಗುದ್ದಿದ. ಗಾಡಿಯನ್ನು ಅಲ್ಲೇ ಬಿಟ್ಟು ಪರದೆ, ಪೈಪು, ಡಬ್ಬಿ ಹೊತ್ತು ಮರದ ಬುಡಕ್ಕೆ ನಡೆದೆವು. ಡೇರೆ ಎದ್ದಿತು. ಹುಡುಗಿಯರು ಒಳಗೆ ನುಗ್ಗಿ ಕೇಕೆ ಹಾಕಿದರು. ಅವರಿಗೆ ಸಿಕ್ಕಿದ್ದು ಆ ಸ್ವಲ್ಪ ಹೊತ್ತು ಮಾತ್ರ.

ಸೂರ್ಯ ಇನ್ನೂ ಮೇಲಿರುವಾಗಲೇ ಆಕಾಶದ ಅಂಚು ಕಂದಾಯಿತು. ಶಮಾಲ್ ಗಾಳಿ ಗೋಡೆಯಂತೆ ಬಂದು ನಮ್ಮ ಮೇಲೆ ಬಿತ್ತು. ಮರಳು ಮುಖಕ್ಕೆ ಸೂಜಿಯಂತೆ ಚುಚ್ಚಿತು. ಉಸಿರೆಳೆದರೆ ಮಣ್ಣು, ಕಣ್ಣು ತೆರೆದರೆ ಬೆಂಕಿ. ಮರದ ಕೊಂಬೆ ಲಟಕ್ಕನೆ ಮುರಿಯಿತು. ಹಗ್ಗ ಕಿತ್ತಿತು. ಅದೇ ಹಾಲ್‌ನ ಕಬ್ಬಿಣದ ಪೈಪು ಹಾರಿ ಸಂಜನಾಳ ಕಡೆಗೆ ಬಂತು. ವಿಕ್ಟರ್ ಅವಳಿಗೆ ಅಡ್ಡವಾಗಿ ಬಿದ್ದ. ಪೈಪು ಅವನ ಹಣೆಗೆ ಹೊಡೆಯಿತು. ರಕ್ತ ಚಿಮ್ಮಿದ್ದು ಗಾಳಿಯಲ್ಲಿ ನನ್ನ ಕೆನ್ನೆಗೆ ಬಿಸಿಯಾಗಿ ತಾಗಿತು.

"ವಿಕ್ಟರ್! ಎಲ್ಲಿದ್ದಿ ಮಾರಾಯ?" ಎಂದು ಸುಧಾಕರ ತೆವಳಿಕೊಂಡು ಬಂದ. ಒಂದು ಅಂಗೈಯನ್ನು ವಿಕ್ಟರನ ಹಣೆಗೆ ಅದುಮಿದ, ಇನ್ನೊಂದರಲ್ಲಿ ಪರದೆಯ ಅಂಚು ಹಿಡಿದ. ಮತ್ತೊಂದು ಅಂಚನ್ನು ವಿಕ್ಟರ್ ಹಿಡಿದ. ಆ ಪರದೆಯನ್ನೇ ಹೊದ್ದು ನಾವೆಲ್ಲ ಒಂದು ಮುದ್ದೆಯಾಗಿ ಕೂತೆವು. ಗಾಳಿ ಕಿತ್ತುಕೊಳ್ಳಲು ಒದ್ದಾಡಿತು, ಗಂಡಸರ ಕೈ ಬೆರಳುಗಳ ಚರ್ಮ ಸುಲಿಯಿತು, ಬಿಡಲಿಲ್ಲ.

ಒಳಗೆ ಕತ್ತಲಲ್ಲಿ ಸುಧಾಕರನ ದನಿ: "ನಮ್ಮ ಮಗುವಿನ ಹಣೆಗೆ ಬರೋದಿತ್ತು ಅದು."

ವಿಕ್ಟರ್ ಹೇಳಿದ: "ಗಾಳಿ ಸಾಕಾ ಸುಧಾಕರಣ್ಣ? ಇನ್ನೂ ಬೇಕಾ?"

ಸಂಜನಾಳೇ ಮೊದಲು ನಕ್ಕಳು. ಆಮೇಲೆ ಎಲ್ಲರೂ ಮಣ್ಣು ಉಗುಳುತ್ತಾ ನಕ್ಕೆವು. ಡಬ್ಬಿ ತೆಗೆದು ತಿಂದೆವು, ರೊಟ್ಟಿ ಯಾವುದು ಮರಳು ಯಾವುದು ತಿಳಿಯಲಿಲ್ಲ, ಎರಡೂ ಕರುಂ ಕರುಂ.

ಗಾಳಿ ಇಳಿದಾಗ ಒಂಟೆ ಕೊಟ್ಟಿಗೆಯ ಪಠಾಣ ಟ್ರ್ಯಾಕ್ಟರ್ ತಂದ. "ಯಲ್ಲಾ, ಯಲ್ಲಾ!" ಎಂದು ಬೈಯುತ್ತಲೇ ಪಿಕಪ್ ಎಳೆದುಕೊಟ್ಟ. ವಿಕ್ಟರನ ಹಣೆಗೆ ಹೊಲಿಗೆ ಹಾಕಿಸಿ ಮನೆಗೆ ಬಂದೆವು. ಹುಡುಗಿಯರಿಗೆ ಮರಳುಗಾಡಿನ ರಾತ್ರಿ ಸಿಗಲಿಲ್ಲ. ಹರಿದ ಪರದೆಯನ್ನು ಹಾಲ್‌ನ ಕುರ್ಚಿಗಳಿಗೆ ಕಟ್ಟಿ ಅದರ ಕೆಳಗೆ ಮಲಗಿದರು. ಪರದೆ ಮತ್ತೆ ಮೇಲೇರಲಿಲ್ಲ. ವಿಕ್ಟರನ ಸಂಸಾರ ವಿಮಾನ ಹತ್ತುವವರೆಗೂ ಆ ಹಾಲ್‌ನಲ್ಲಿ ನಾವು ಒಂದೇ ಪಂಕ್ತಿಯಲ್ಲಿ ಉಂಡೆವು.

ಈಗ ನಮಗೆ ಪೂರ್ತಿ ಫ್ಲ್ಯಾಟ್ ಇದೆ, ಕೋಣೆಗೊಂದು ಎ.ಸಿ., ಕೋಣೆಗೊಂದು ಬಾಗಿಲು. ಪಕ್ಕದ ಫ್ಲ್ಯಾಟಿನಲ್ಲಿ ಯಾರಿದ್ದಾರೆ ಗೊತ್ತಿಲ್ಲ, ಜಗಳವಾಡುವಷ್ಟು ಪರಿಚಯವೂ ಇಲ್ಲ. ಗಾಫ್ ಮರದ ಜಾಗಕ್ಕೆ ಬೇಲಿ ಬಿದ್ದು ಮನೆಗಳೆದ್ದಿವೆ. ಮಧ್ಯಾಹ್ನ ಮೆಲಿಶಾ ಕೇಳಿದ್ದೇ ಅದನ್ನು: "ಅಜ್ಜಿ, ನಮ್ಮ ಟೆಂಟಿನ ಜಾಗ ಉಂಟಾ?" ಸಂಜನಾ ತಲೆಯಾಡಿಸಿದಳು. "ಗಾನ್ ಯಾ, ಹೋಯ್ತು. ಬೇರೆ ಹುಡುಕುವ."

ಬರೆಯುವುದನ್ನು ಅಲ್ಲಿಗೇ ಬಿಟ್ಟು ರಾತ್ರಿಯೂಟಕ್ಕೆ ಎದ್ದೆ. ಕೂತೆವು, ಎಲ್ಲರೂ ನೆಲದ ಮೇಲೆ. ಸೊಸೆ ಬಡಿಸಿದ ಕೋರಿ ರೊಟ್ಟಿ, ಹಿಲ್ಡಾ ಬಾಯಿ ಮಗಳ ಕೈಯಲ್ಲಿ ಕಟ್ಟಿಕಳಿಸಿದ ಸೀಗಡಿ ಉಪ್ಪಿನಕಾಯಿ. ಮಜ್ಜಿಗೆ ಪಾತ್ರೆಗೆ ಒರಗಿಸಿಟ್ಟ ಫೋನಿನಲ್ಲಿ ಊರಿನ ಮನೆಯಲ್ಲಿ ಉಣ್ಣುತ್ತಿದ್ದ ಹಿಲ್ಡಾ ಬಾಯಿ, ವಿಕ್ಟರ್. ಅವನ ಹಣೆಯ ಕಲೆ ಬೆವರಿನಲ್ಲಿ ಹೊಳೆಯುತ್ತಿತ್ತು.

"ಇಲ್ಲಿ ಕರೆಂಟ್ ಹೋಗಿದೆ ಸುಧಾಕರಣ್ಣ, ಭಯಂಕರ ಸೆಕೆ," ಎಂದ ವಿಕ್ಟರ್.

ನನ್ನ ಮಗ ಎಂಜಲು ಕೈಯಲ್ಲೇ ಫೋನ್ ಎತ್ತಿ ಎ.ಸಿ.ಯ ಎದುರು ಹಿಡಿದು ನಿಂತ. ಅವನ ಊಟ ತಣಿಯಿತು. ಯಾರು ಕರೆದರೂ ಕೂರಲಿಲ್ಲ.