ಹಸಿರು ಕೋಣೆಯ ಹಳದಿ

ಲಿಂಕೋಪಿಂಗ್‌ನಲ್ಲಿ ಬಸ್ಸು ಹತ್ತಿದಾಗ ಬಿಸಿಲು ಚೆನ್ನಾಗಿತ್ತು. ಆದರೂ ನನ್ನ ಹೆಂಡತಿ ಸುಧಾ ಮಳೆಯ ಜಾಕೆಟ್ ತಂದಿದ್ದಳು. ಸ್ವೀಡನ್ನಿನ ಬೇಸಿಗೆಯನ್ನು ಹದಿನೈದು ವರ್ಷದಿಂದ ನೋಡಿದವರು ಯಾರೂ ಅದನ್ನು ನಂಬುವುದಿಲ್ಲ. ನಾವು ಹೊರಟಿದ್ದು ಮುಕ್ಕಾಲು ಗಂಟೆ ದೂರದ ಒಂದು ಹಳೆಯ ಜಮೀನ್ದಾರರ ಬಂಗಲೆಗೆ. ಅದರ ಹೆಸರು ಬರೆಯಬಾರದೆಂದು ಮಗಳು ಇಳಾಳ ಅಪ್ಪಣೆ. ಅವಳಿಗೆ ಅಲ್ಲಿ ಬೇಸಿಗೆ ಕೆಲಸ ಸಿಕ್ಕಿತ್ತು. ಅಂದು ಅವಳು ಮೊದಲ ಸಲ ಒಬ್ಬಳೇ ಪ್ರವಾಸಿಗಳನ್ನು ಮನೆಯೊಳಗೆ ಕರೆದುಕೊಂಡು ಹೋಗಿ ವಿವರಿಸಬೇಕಿತ್ತು. ಸರಿಹೋದರೆ ಬೇಸಿಗೆಯಿಡೀ ಅದೇ ಕೆಲಸ. ಇಲ್ಲದಿದ್ದರೆ ಕೆಫೆಯಲ್ಲಿ ಕಪ್ಪು ತೊಳೆಯುವುದು.

ಹಿಂದಿನ ರಾತ್ರಿಯೇ ನನಗೆ ಷರತ್ತು ಹಾಕಿದ್ದಳು. "ಅಪ್ಪಾ, ನೀನು ಬಾ. ಆದ್ರೆ ಒಂದೂ question ಕೇಳಬಾರದು. Promise?"

"ಒಂದೂನಾ?"

"ನೋಡು, ಇದೇ question!"

ಬಸ್ಸಿನಲ್ಲಿ ನಾನು ಸುಧಾಳಿಗೆ ಹೇಳಿದೆ, ಇಳಾ ಐದು ವರ್ಷದವಳಿದ್ದಾಗ ಇದೇ ಮನೆಗೆ ಬಂದಿದ್ದೆವು, ತೋಟದಲ್ಲಿ ಒಂದು ಕೊಳವಿತ್ತು, ಅವಳು ಬಾತುಕೋಳಿಗೆ ಬ್ರೆಡ್ ಹಾಕಿದ್ದಳು ಎಂದು.

"ಅದು ಓರೆಬ್ರೂ ಹತ್ರ ಕಣ್ರೀ. ಈ ಕಡೆ ನಾವು ಬಂದೇ ಇಲ್ಲ," ಎಂದಳು.

ಇಳಾಳ ಕೆಂಪು ಟೋಪಿ ಕೂಡ ನನಗೆ ನೆನಪಿದೆ ಎಂದೆ. "ಟೋಪಿ ಸರಿ. ಊರು ತಪ್ಪು," ಎಂದು ಕಿಟಕಿಯತ್ತ ತಿರುಗಿದಳು. ಇತ್ತೀಚೆಗೆ ನನ್ನ ನೆನಪುಗಳಿಗೆ ಇಂಥ ತಿದ್ದುಪಡಿ ಹೆಚ್ಚಾಗಿದೆ. ಅಳತೆ ಮಾಡದ ಯಾವುದನ್ನೂ ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳುವವನು ನಾನು. ನೆನಪನ್ನು ಅಳೆಯುವುದು ಹೇಗೆಂದು ಮಾತ್ರ ಗೊತ್ತಿಲ್ಲ.

ನಿಲ್ದಾಣದಿಂದ ಮನೆಯವರೆಗೆ ಎರಡು ಸಾಲು ಮರಗಳ ನಡುವೆ ಹತ್ತು ನಿಮಿಷದ ನಡಿಗೆ. ಮನೆ ಮಾಸಲು ಹಳದಿ, ಎರಡು ಅಂತಸ್ತು, ಅರಮನೆ ಎನ್ನುವಷ್ಟು ದೊಡ್ಡದಲ್ಲ. ಮುಂದಿನ ಹುಲ್ಲಿನಲ್ಲಿ ಆ ಊರಿನವರು ಮರದ ದಿಮ್ಮಿಗಳನ್ನು ನಿಲ್ಲಿಸಿ, ಕೋಲು ಎಸೆದು ಬೀಳಿಸುವ ಆಟದ ಪಂದ್ಯ ನಡೆಸಿದ್ದರು. ಬಿದ್ದಾಗಲೂ ಯಾರೂ ಕೂಗುತ್ತಿರಲಿಲ್ಲ. ಒಂದು ಬೆಂಚಿನ ಮೇಲೆ ಕುಳಿತು ಡಬ್ಬಿಯಲ್ಲಿದ್ದ ಚಿತ್ರಾನ್ನ ತಿಂದೆವು. ಕೊಳ ಎಲ್ಲಿಯೂ ಕಾಣಲಿಲ್ಲ. ಸುಧಾ ಉಪ್ಪಿನಕಾಯಿಯನ್ನು ನನ್ನ ಕಡೆ ತಳ್ಳಿದಳು.

ಬಾಗಿಲಲ್ಲಿ ನಾವಿಬ್ಬರೂ ಅಭ್ಯಾಸದಂತೆ ಶೂ ಬಿಚ್ಚಿದೆವು. ನಮ್ಮನ್ನು ನೋಡಿ ಒಬ್ಬ ಅಜ್ಜಿಯೂ ಬಿಚ್ಚತೊಡಗಿದರು. ಇಳಾ ಓಡಿಬಂದು ಶೂ ಮೇಲೆ ಹಾಕಿಕೊಳ್ಳುವ ನೀಲಿ ಪ್ಲಾಸ್ಟಿಕ್ ಚೀಲಗಳನ್ನು ಕೊಟ್ಟಳು. "ಅಮ್ಮಾ, ಇದು ದೇವಸ್ಥಾನ ಅಲ್ಲ," ಎಂದು ಮೆಲ್ಲಗೆ ಗದರಿದಳು. ಅವಳ ಮೇಲಧಿಕಾರಿ ಬಿರ್ಗಿಟ್ಟಾ ಎಂಬ ಎತ್ತರದ ಹೆಂಗಸು ಕೈಕಟ್ಟಿ ಗುಂಪಿನ ಹಿಂದೆ ನಿಂತರು.

ಇಳಾ ಸ್ವೀಡಿಷ್‌ನಲ್ಲಿ ಶುರುಮಾಡಿದಳು. ಮೊದಲ ಎರಡು ಕೋಣೆಗಳಲ್ಲಿ ಬಾಯಿಪಾಠ ಒಪ್ಪಿಸಿದಂತಿತ್ತು. ಮೂರನೆಯದು ಊಟದ ಕೋಣೆ. ಕಟ್ಟಿದಂದಿನಿಂದಲೂ ಈ ಗೋಡೆಗಳು ಹಸಿರೇ ಎಂದಳು.

"ಇಲ್ಲ," ಎಂದರು ಬೂದು ಕೋಟಿನ ಒಬ್ಬ ಮುದುಕರು. "ನಾನು ಹುಡುಗನಾಗಿದ್ದಾಗ ಹಳದಿ ಇತ್ತು. ನಮ್ಮಮ್ಮ ಇಲ್ಲಿ ಬಟ್ಟೆ ಒಗೆಯೋ ಕೆಲಸಕ್ಕಿದ್ರು. ನನಗೆ ಚೆನ್ನಾಗಿ ಗೊತ್ತು."

ಎಲ್ಲರೂ ಇಳಾಳನ್ನು ನೋಡಿದರು. ಬಿರ್ಗಿಟ್ಟಾ ಕಟ್ಟಿದ ಕೈ ಬಿಚ್ಚಲಿಲ್ಲ. ಇಳಾಳ ಕಿವಿ ಕೆಂಪಾಯಿತು. ಬಾಗಿಲ ಹಿಂದೆ ಗೋಡೆಯ ಒಂದು ಅಂಗೈಯಗಲವನ್ನು ಪದರ ಪದರವಾಗಿ ಕೆರೆದು ಹಾಗೆಯೇ ಬಿಟ್ಟಿದ್ದನ್ನು ನಾನು ಆಗಲೇ ಗಮನಿಸಿದ್ದೆ. ಹಳೆಯ ಬಣ್ಣಗಳೆಲ್ಲ ಅಲ್ಲಿ ಮೆಟ್ಟಿಲಿನಂತೆ ಕಾಣುತ್ತಿದ್ದವು. ಅದನ್ನು ತೋರಿಸಲು ಬಾಯಿ ತೆರೆದೆ. ಸುಧಾ ನನ್ನ ಕಾಲು ತುಳಿದಳು. ನೀಲಿ ಚೀಲ ಸರಕ್ಕೆಂದಿತು.

ಇಳಾಳೇ ಮುದುಕರನ್ನು ಅಲ್ಲಿಗೆ ಕರೆದೊಯ್ದಳು. ಹಸಿರು, ಅದರಡಿ ಇನ್ನೊಂದು ಹಸಿರು, ಕೊನೆಗೆ ಬರಿ ಗಾರೆ. ಹಳದಿ ಇರಲಿಲ್ಲ. ಮುದುಕರ ಮುಖ ಇಳಿಯಿತು. ವಾದ ಗೆದ್ದವರು ಅಲ್ಲಿಗೆ ನಿಲ್ಲಿಸುತ್ತಾರೆ. ನಾನಂತೂ ನಿಲ್ಲಿಸುತ್ತಿದ್ದೆ. ಅವಳು ಕೇಳಿದಳು: "ಹಳದಿ ನೋಡಿದಾಗ ನೀವು ಎಲ್ಲಿ ನಿಂತಿದ್ರಿ?"

ಅವರು ಕಿಟಕಿಗೆ ಹೋಗಿ ಹೊರಗೆ ಒಂದು ಪೊದೆ ತೋರಿಸಿದರು. "ಅಲ್ಲಿ. ನಮ್ಮನ್ನ ಒಳಗೆ ಬಿಡ್ತಿರಲಿಲ್ಲ. ಅಮ್ಮನಿಗೆ ಕಾಯ್ತಾ ಇದ್ದೆ."

"ಸಂಜೆಯಾ?"

"ಕತ್ತಲಾಗಿರ್ತಿತ್ತು. ದೀಪ ಹಚ್ಚಿರ್ತಿದ್ರು."

ಯಾರೂ ಹೇಳದೆಯೇ ಬಿರ್ಗಿಟ್ಟಾ ಹೋಗಿ ಕಿಟಕಿಗಳ ಒಳಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿದರು, ದೀಪ ಹಾಕಿದರು. ಗೋಡೆ ಹಳದಿಯಾಯಿತೆಂದು ನಾನು ಬರೆಯಲಾರೆ. ಹಸಿರೆಂದೂ ಪ್ರಮಾಣ ಮಾಡಲಾರೆ. ಅಷ್ಟರಿಂದ ಏನೂ ಸಾಬೀತಾಗುವುದಿಲ್ಲ. ಮುದುಕರು ಮಾತ್ರ ಕೋಣೆಯ ಮಧ್ಯೆ ನಿಂತು, "ಹೂಂ, ಇದೇ," ಎಂದರು. ಎಷ್ಟೋ ವರ್ಷದ ಮೇಲೆ ಕೊನೆಗೂ ಒಳಗೆ ಬಂದಿದ್ದರು.

ಹೊರಗೆ ಬರುವಾಗ ಬಿರ್ಗಿಟ್ಟಾ ಇಳಾಳಿಗೆ ಹೇಳಿದ್ದು ನನಗೂ ಕೇಳಿಸಿತು: ಮುಂದಿನ ಗುಂಪೂ ನಿನ್ನದೇ, ಆದರೆ ಇನ್ನು ಸ್ವಲ್ಪ ಬೇಗ ಮುಗಿಸು.

ಬಿಡುವಿನಲ್ಲಿ ಇಳಾ ಬಸ್ ನಿಲ್ದಾಣದವರೆಗೂ ಬಂದಳು. ಮಳೆ ಹನಿಯತೊಡಗಿತ್ತು. ಸುಧಾ ಜಾಕೆಟ್ಟನ್ನು ಹಾಕಿಕೊಳ್ಳದೆ, ನನಗೆ ಕಾಣುವಂತೆ ಕೈಯಲ್ಲಿ ಹಿಡಿದಿದ್ದಳು.

"ಪಾಪ, ಅಪ್ಪ ಎಷ್ಟು ಹೊತ್ತು ತಡ್ಕೊಂಡಿದ್ದಾನೆ," ಎಂದು ಇಳಾ ನಕ್ಕಳು. "Okay, ಒಂದೇ ಒಂದು ಕೇಳು."

"ಈ ತೋಟದಲ್ಲಿ ಮೊದಲು ಕೊಳ ಇತ್ತಾ?" ಎಂದೆ.

ಸುಧಾ ಹಣೆ ಚಚ್ಚಿಕೊಂಡಳು. ಇಳಾ ನಗಲಿಲ್ಲ. "ನೀನು ಎಲ್ಲಿ ನಿಂತಿದ್ದೆ ಅಪ್ಪಾ?"

ನಾನು ದೂರದಲ್ಲಿ ಕಾಣುತ್ತಿದ್ದ ಮನೆಮುಂದಿನ ಹುಲ್ಲಿನ ಕಡೆ ನೋಡಿದೆ. ಬ್ರೆಡ್ಡು ನೆನಪಿತ್ತು, ಬಾತುಕೋಳಿಯ ಕೊಕ್ಕು ನೆನಪಿತ್ತು, ಕೆಂಪು ಟೋಪಿಯಡಿ ಇವಳ ಬೆವರಿದ ಕತ್ತು ನೆನಪಿತ್ತು. ನನ್ನ ಕಾಲ ಕೆಳಗೆ ಏನಿತ್ತು, ಹುಲ್ಲೋ ಕಲ್ಲೋ, ಅದು ಬರಲಿಲ್ಲ.

"ಹತ್ತಿ, ಬಸ್ ಬಂತು," ಎಂದಳು ಸುಧಾ.

ಕಿಟಕಿಯ ಪಕ್ಕ ಕುಳಿತೆ. ಇಳಾ ನೆನೆಯುತ್ತ ಮನೆಯ ಕಡೆ ಓಡುತ್ತಿದ್ದಳು. ಮರಗಳ ಸಾಲು ಅಡ್ಡ ಬರುವವರೆಗೂ ನಾನು ಆ ಹುಲ್ಲಿನಲ್ಲಿ, ಒಂದು ಕೊಳವಿದ್ದಿರಬಹುದಾದಷ್ಟು ತಗ್ಗು ಎಲ್ಲಾದರೂ ಇದೆಯೇ ಎಂದು ನೋಡುತ್ತಿದ್ದೆ.