ಹಳ್ಳ ದಾಟಿ ಬಂದ ಕಣಕ

ಆ ಶ್ರಾವಣ ಶುಕ್ರವಾರ ಬೆಳಿಗ್ಗೆ ನಾನು ಹೋಳಿಗೆಗೆ ಕಣಕ ನಾದುತ್ತಾ ಕುಳಿತಿದ್ದೆ. ಮೈದಾಹಿಟ್ಟಿಗೆ ಎಣ್ಣೆ ಸುರಿದು ಬೆಣ್ಣೆಯಂತೆ ಮಾಡುವ ಹೊತ್ತಿಗೆ ಫೋನ್ ಬಂತು. ಹಳ್ಳ ದಾಟಿ ದೊಡವಾಡದ ಆಚೆ ಹೊಲದ ಮನೆಯಲ್ಲಿರುವ ನಾದಿನಿ, ನನ್ನ ಯಜಮಾನರ ತಂಗಿ, ಅಳುತ್ತಿದ್ದಳು.

"ವೈನಿ, ರಾತ್ರಿ ಮನ್ಯಾಗ ನೀರ ಹೊಕ್ಕೈತ್ರಿ. ಕೂಸಿನ ಇನ್ಸುಲಿನ್ ಡಬ್ಬಿನ ಹರಕೊಂಡ ಹೋತು. ಮುಂಜಾನೆ ಸೂಜಿ ಮಾಡಿಲ್ಲ. ಬಸ್ ಇಲ್ಲ, ಟ್ರ್ಯಾಕ್ಟರ್ ಹೊಲದಾಗ ಹುಗದೈತಿ. ಅಣ್ಣಗ ಹೇಳ್ರಿ, ಲಗೂ."

ಕೂಸು ಎಂದರೆ ಅವಳ ಹನ್ನೆರಡು ವರ್ಷದ ಮಗಳು. ಏಳನೆಯ ವರ್ಷಕ್ಕೇ ಸಕ್ಕರೆ ಕಾಯಿಲೆ ಬಂದು, ದಿನವೂ ಸೂಜಿ ಬೇಕು. ಹಿಂದೊಮ್ಮೆ ಒಂದೇ ದಿನ ತಪ್ಪಿದ್ದಕ್ಕೆ ಅವಳು ಎಚ್ಚರ ತಪ್ಪಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು.

ಮುಂದಿನದನ್ನು ಹೇಳುವ ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಸವದತ್ತಿ ಎಲ್ಲವ್ವನ ಮೇಲೆ ಭಕ್ತಿ ಇದೆ, ಪವಾಡದ ಮಾತುಗಳ ಮೇಲೆ ಮಾತ್ರ ನಂಬಿಕೆ ಇರಲಿಲ್ಲ. ಯಾರಾದರೂ ಹೇಳಿದರೆ ಹೂಂಗುಟ್ಟಿ ಒಳಗೊಳಗೇ ನಗುತ್ತಿದ್ದೆ. ತಾಯಿ ನನಗೆ ಕೊಟ್ಟದ್ದೆಲ್ಲ ಸಣ್ಣ ಸಣ್ಣದು. ನೆಂಟರು ಬಂದ ದಿನ ಸಿಲಿಂಡರ್ ಮುಗಿಯಲಿಲ್ಲ, ಒಣಹಾಕಿದ ಹಪ್ಪಳ ತೆಗೆದ ಮೇಲೆ ಮಳೆ ಬಂತು, ಇಂಥವು. ರಾತ್ರಿ ಮಲಗುವಾಗ ಅವನ್ನು ಎಣಿಸಿ ಕೈ ಮುಗಿಯುತ್ತೇನೆ. ಅದಕ್ಕಿಂತ ದೊಡ್ಡದನ್ನು ನಾನು ಕೇಳಿದವಳೂ ಅಲ್ಲ, ಕಂಡವಳೂ ಅಲ್ಲ.

ನಮ್ಮದು ಬೈಲಹೊಂಗಲದಲ್ಲಿ ಪಂಪಿನ ಮೋಟಾರು ರಿಪೇರಿಯ ಅಂಗಡಿ. ಮನೆ ಮುಂದೆ ಒಂದು ಹಳೆಯ ಎಂಟುನೂರು ಸಿಸಿ ಕಾರಿದೆ. ಯಜಮಾನರು ಅದನ್ನು ಪ್ರತಿವರ್ಷ ಮಳೆಗಾಲಕ್ಕೆ ಮೊದಲೇ ಸಜ್ಜು ಮಾಡುತ್ತಿದ್ದರು. ಆ ವರ್ಷ ಅಂಗಡಿಯ ಕೆಲಸದಲ್ಲಿ ಉಳಿದುಹೋಗಿತ್ತು. ನಾನು ವಿಷಯ ಹೇಳಿದ್ದೇ ತಡ, ಬಾನೆಟ್ ಎತ್ತಿದರು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ ಗ್ರೀಸ್ ಮೆತ್ತಿ ಪ್ಲಾಸ್ಟಿಕ್ ಸುತ್ತಿದರು. ಎಂಜಿನ್ನಿನ ಮೇಲೆ ನೀರು ಎರಚದಿರಲೆಂದು ಅದರ ಮುಂದಿನ ಫ್ಯಾನಿನ ವೈರು ಕಿತ್ತರು. ಗಾಳಿ ಎಳೆಯುವ ಕೊಳವೆಯನ್ನು ಮೇಲ್ಮುಖ ಮಾಡಿದರು, ಸೈಲೆನ್ಸರಿಗೆ ರಬ್ಬರ್ ಪೈಪು ಸಿಕ್ಕಿಸಿ ಅದರ ತುದಿಯನ್ನು ಹಿಂಭಾಗದಲ್ಲಿ ಎತ್ತರಕ್ಕೆ ಕಟ್ಟಿದರು. ಎರೆಮಣ್ಣು ಗಾಲಿಗೆ ಮೆತ್ತಿಕೊಂಡರೆ ಗಾಡಿ ಹೆಜ್ಜೆಯಿಡುವುದಿಲ್ಲ. ಅದಕ್ಕೆ ಮಡ್‌ಗಾರ್ಡಿನ ಒಳಗೆಲ್ಲ ನಾನೇ ಕೆಟ್ಟ ಎಂಜಿನ್ ಎಣ್ಣೆ ಬಳಿದೆ.

ಮುಂದಿನ ಗಾಲಿ ಎಳೆಯುವ ಗಾಡಿಯಾದ್ದರಿಂದ ಮುಂದೆ ಭಾರ ಬೇಕೆಂದು ನನ್ನ ಬೀಸುವ ಕಲ್ಲನ್ನೇ ಎತ್ತಿ ತಂದು ಪಕ್ಕದ ಸೀಟಿನಲ್ಲಿ ಇಟ್ಟರು.

"ನನ್ನ ಕರಕೊಂಡ ಹೋಗ್ರಿ ಅಂದ್ರ ಕಲ್ಲ ಹೇರತೀರಲ್ರಿ?" ಎಂದೆ.

"ನಿನ್ನಷ್ಟ ಭಾರ ಐತಿ, ಬಾಯಿ ಇಲ್ಲ," ಎಂದರು.

ಪಕ್ಕದ ಮನೆಯ ಗಂಗವ್ವ ಕಟ್ಟೆಯ ಮೇಲಿಂದ, "ಏನ್ರೀ ಅಣ್ಣಾರ, ಹಡಗ ಬಿಡಾಕ ಹತ್ತೀರೇನ್ರಿ?" ಎಂದಳು. ನಕ್ಕೆವು.

ಹಿಂದಿನ ಸೀಟಿನ ಕೆಳಗೆ, ನೆಲದ ತಗಡು ತುಕ್ಕು ಹಿಡಿದು ಎರಡು ತೂತು ಬಿದ್ದಿದ್ದವು. "ಡಾಂಬರ್ ಹಾಕಿ ಬಿಗಿ ಮುಚ್ಚು. ಅಲ್ಲಿಂದ ನೀರ ಬಂದ್ರ ಗಾಡಿ ಕೊಡದಂಗ ತುಂಬತೈತಿ," ಎಂದು ಹೇಳಿ ಅವರು ಔಷಧ ತರಲು ಓಡಿದರು. ಡಬ್ಬಿ ತೆರೆದು ನೋಡಿದರೆ ಡಾಂಬರು ಕಲ್ಲಾಗಿತ್ತು. ಹೇಳಿದರೆ ಪೇಟೆಗೆ ಮತ್ತೊಂದು ಸುತ್ತು, ಅಲ್ಲಿ ಕೂಸು ಕಾಯುತ್ತಿದೆ. ನಾನು ಒಳಗೆ ಹೋಗಿ ಕಣಕದ ಎರಡು ಉಂಡೆ ತಂದೆ. ಎಣ್ಣೆಯಲ್ಲಿ ನೆನೆದದ್ದು, ನೀರು ಹಿಡಿಯುವುದಿಲ್ಲ ಎಂದುಕೊಂಡೆ. ಹೆಬ್ಬೆರಳಿನಿಂದ ಒತ್ತಿ ತೂತು ತುಂಬಿ, ಮೇಲೆ ಪೇಪರ್ ಹಾಸಿ, ಮ್ಯಾಟ್ ಎಳೆದೆ. ಅವರಿಗೆ ಹೇಳಲಿಲ್ಲ.

ಗಾಡಿ ತಿರುವು ದಾಟಿದ ಮೇಲೆ ಒಳಗೆ ಬಂದೆ. ಪರಾತದಲ್ಲಿ ಉಳಿದ ಕಣಕ ನನ್ನನ್ನೇ ನೋಡುವಂತಿತ್ತು. ಯಾಕೋ ಒಂದು ಉಂಡೆ ಹರಿದು ಬಕೆಟ್ಟಿನ ನೀರಿಗೆ ಹಾಕಿ, ಸೌಟಿನಿಂದ ನೀರನ್ನು ಸುತ್ತಿಸತೊಡಗಿದೆ. ಹಾಲು ಕಾಯುವಷ್ಟು ಹೊತ್ತೂ ತಡೆಯಲಿಲ್ಲ. ಕರಗಿ ಬಿಳಿ ನೀರಾಯಿತು.

ಯಜಮಾನರಿಗೆ ಫೋನ್ ಮಾಡಿದರೆ ಹತ್ತಲಿಲ್ಲ. ನಾದಿನಿಯದೂ ಬಂದ್. ಬೈಲಹೊಂಗಲದಿಂದ ದೊಡವಾಡಕ್ಕೆ ಹೋಗುವಾಗ ಒಂದು ಹಳ್ಳ ದಾಟಬೇಕು, ಬರುವಾಗ ಮತ್ತೆ ಅದೇ ಹಳ್ಳ. ನೀರು ಹೊಕ್ಕ ಮನೆಯಲ್ಲಿ ಕೂಸನ್ನು ಬಿಟ್ಟು ಬರುವವರಲ್ಲ, ಬರುವಾಗ ಗಾಡಿಯಲ್ಲಿ ಅದೂ ಇರುತ್ತದೆ. ದೇವರ ಮುಂದೆ ಕೂತೆ. ಮಂತ್ರ ನೆನಪಾಗಲಿಲ್ಲ. "ಯವ್ವಾ, ತಪ್ಪ ನಂದು, ಅವರದಲ್ಲ," ಎಂದಷ್ಟೇ ಹೇಳುತ್ತಾ ಇದ್ದೆ. ಮಧ್ಯಾಹ್ನ ಹೋಯಿತು. ಒಲೆ ಹೊತ್ತಿಸಲಿಲ್ಲ.

ಸಂಜೆ ದೀಪ ಹಚ್ಚುವ ಮೊದಲು ಹಾರ್ನ್ ಕೇಳಿಸಿತು. ಯಜಮಾನರು ಇಳಿದರು. ಹಿಂದಿನ ಬಾಗಿಲಿನಿಂದ ಕೂಸು ಇಳಿಯಿತು, ಬಿಳಿಚಿಕೊಂಡಿತ್ತು, ಆದರೆ ತನ್ನ ಕಾಲ ಮೇಲೆ ನಿಂತಿತ್ತು. ತಲುಪಿದ ಕೂಡಲೇ ಸೂಜಿ ಕೊಟ್ಟು, ಮಧ್ಯಾಹ್ನದವರೆಗೆ ನೋಡಿ, ನಾದಿನಿಯನ್ನು ಮನೆ ನೋಡಿಕೊಳ್ಳಲು ಬಿಟ್ಟು ಕೂಸನ್ನು ಕರೆದುಕೊಂಡು ಹೊರಟು, ಬರುವ ದಾರಿಯಲ್ಲಿ ನಮ್ಮ ಡಾಕ್ಟರಿಗೂ ತೋರಿಸಿ ಬಂದಿದ್ದರು. ಗಂಡಾಂತರ ಇಲ್ಲವೆಂದು ಡಾಕ್ಟರು ಹೇಳಿದ್ದರಂತೆ.

"ಹಳ್ಳ ಹೆಂಗಿತ್ರಿ?" ಎಂದೆ.

"ಏನೂ ಇರಲಿಲ್ಲ ಬಿಡು. ಹೋಗೂವಾಗ, ಬರೂವಾಗ, ಅರ್ಧ ಗಾಲಿಗೂ ನೀರ ಬರಲಿಲ್ಲ. ನಾನ ಸುಮ್ನ ಹೆದರಿದ್ದೆ."

ಕೂಸು ನನ್ನ ಸೆರಗು ಹಿಡಿದು ಮೆಲ್ಲಗೆ, "ಇಲ್ಲ ಅತ್ತಿ. ಕಿಟಕಿ ತನಕ ಇತ್ತು. ಎರಡೂ ಕಡೆ ಕೆಂಪ ನೀರ, ಗ್ವಾಡಿ ನಿಂತಂಗ. ಮಾಮಾ ಹಾಡ ಹೇಳಿಕೋತ ಹೊಂಟಿದ್ದ," ಎಂದಿತು.

"ಜ್ವರದ ಗುಂಗಿನ್ಯಾಗ ಏನರ ಕಂಡಿರಬೇಕು," ಎಂದು ಯಜಮಾನರು ಅದರ ತಲೆ ಸವರಿದರು. ಕೂಸಿಗೆ ಜ್ವರವೇ ಇರಲಿಲ್ಲ.

ಅವರು ಒಳಗೆ ಹೋದ ಮೇಲೆ ನಾನು ಗಾಡಿಯ ಸುತ್ತ ಒಂದು ಸುತ್ತು ಬಂದೆ. ಬಿಳಿ ಬಣ್ಣದ ಮೇಲೆ, ಬಾಗಿಲ ಹಿಡಿಕೆಗಿಂತ ಒಂದು ಗೇಣು ಮೇಲೆ, ಕೆಸರಿನ ಗೆರೆ. ಸಿಡಿದ ಕೆಸರಲ್ಲ. ದಾರ ಹಿಡಿದು ಎಳೆದಂತೆ ಮುಂದೆ, ಹಿಂದೆ, ಎರಡೂ ಪಕ್ಕಕ್ಕೆ ಸಮನಾಗಿ ಕೂತ ನೆರೆಯ ಗೆರೆ. ಬಾಗಿಲು ತೆಗೆದೆ. ಮ್ಯಾಟ್ ಎತ್ತಿದೆ. ಪೇಪರ್ ಒಣಗಿತ್ತು, ಅಕ್ಷರವೂ ಕದಡಿರಲಿಲ್ಲ. ಅದರ ಕೆಳಗೆ ಎರಡು ತೂತು, ಎರಡು ಬಿಳಿ ಕಣಕ. ಮೇಲೆ ನನ್ನ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಹಾಗೇ ಇತ್ತು. ಬೆಳಿಗ್ಗೆ ಒತ್ತುವಾಗ ಇದ್ದಷ್ಟೇ ಮೆತ್ತಗಿತ್ತು. ಬಗ್ಗಿ ಕೆಳಗಿನಿಂದ ನೋಡಿದೆ. ಅಲ್ಲಿಯೂ ಹಾಗೇ, ಒಂದು ಎಳೆ ಕೆಸರು ಅಂಟಿರಲಿಲ್ಲ.

ಒಂದು ಉಂಡೆ ಕಿತ್ತು ಒಳಗೆ ತಂದು, ಅದೇ ಬಕೆಟ್ಟಿಗೆ ಹೊಸ ನೀರು ಹಿಡಿದು ಹಾಕಿ, ಅದೇ ಸೌಟಿನಿಂದ ಸುತ್ತಿಸಿದೆ. ಹಾಲು ಕಾಯುವಷ್ಟು ಹೊತ್ತು. ಕರಗಿ ಬಿಳಿ ನೀರಾಯಿತು.

ಆಮೇಲೆ ಯಜಮಾನರಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಗೆರೆಯನ್ನೂ ನೋಡಿದರು, ಉಳಿದ ಉಂಡೆಯನ್ನೂ ಮುಟ್ಟಿ ನೋಡಿದರು, ಆಮೇಲೆ ಕೈ ತೊಳೆದರು. ಇವತ್ತಿಗೂ ಕೇಳಿದರೆ ನೀರು ಅರ್ಧ ಗಾಲಿಯಷ್ಟೇ ಎನ್ನುತ್ತಾರೆ. ಕೂಸು ಕಿಟಕಿಯವರೆಗೆ ಎನ್ನುತ್ತದೆ. ಅರ್ಧ ಗಾಲಿಯಷ್ಟಿದ್ದರೆ ಆ ಗೆರೆ ಎಲ್ಲಿಂದ ಬಂತು? ಕಿಟಕಿಯವರೆಗೆ ಇದ್ದಿದ್ದರೆ ನೀರು ಒಳಗೆ ಯಾಕೆ ಬರಲಿಲ್ಲ? ಇನ್ನು ಕಣಕ ಉಳಿದದ್ದು ಇಬ್ಬರ ಮಾತಿಗೂ ಹೊಂದುವುದಿಲ್ಲ, ಗಾಲಿ ಸಿಡಿಸಿದ ಕೆಸರಾದರೂ ಅದಕ್ಕೆ ಅಂಟಬೇಕಿತ್ತು. ತಾಯಿಯೇ ಹಿಡಿದಳೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ, ಹಿಡಿಯಲಿಲ್ಲ ಎನ್ನಲೂ ಬರುವುದಿಲ್ಲ. ರಾತ್ರಿ ಎಣಿಸುವಾಗ ಇದನ್ನು ಎಲ್ಲಿ ಸೇರಿಸಬೇಕೋ ತಿಳಿಯದೆ ಬಿಟ್ಟುಬಿಡುತ್ತೇನೆ.

ಆ ಸಂಜೆ ಮಾತ್ರ ಯೋಚಿಸುತ್ತಾ ಕೂರಲು ಹೊತ್ತಿರಲಿಲ್ಲ. ಸೂಜಿ ಮಾಡಿಸಿಕೊಂಡ ಕೂಸು ಹಸಿವೆ ತಡೆಯಬಾರದು, ಹೋಳಿಗೆ ಅದಕ್ಕೆ ನಡೆಯದು. ಬಕೆಟ್ಟಿನ ಬಿಳಿ ನೀರನ್ನು ಚರಂಡಿಗೆ ಚೆಲ್ಲಲು ಮನಸ್ಸಾಗದೆ ತುಳಸಿಯ ಬುಡಕ್ಕೆ ಸುರಿದೆ. ಒಳಗೆ ಬಂದು ಒಲೆ ಹೊತ್ತಿಸಿ, ಜೋಳದ ರೊಟ್ಟಿಗೆ ಎಸರಿಟ್ಟೆ.