ಮಾಫಿಗೆ ತಕರಾರು ಹಾಕಿದ ವಕೀಲರು

ಕುಷ್ಟಗಿಯಲ್ಲಿ ಮೂವತ್ತು ವರ್ಷ ವಕೀಲಿ ನಡೆಸಿ ಈ ವರ್ಷ, ೧೯೪೯ರಲ್ಲಿ, ನಿವೃತ್ತರಾಗುತ್ತಿರುವ ಶ್ರೀ ಹೊನ್ನೂರಪ್ಪನವರು, ಉರ್ದುವಿನಲ್ಲಿ ವಾದಿಸಿದರೂ ಕಕ್ಷಿದಾರರ ಕಷ್ಟವನ್ನು ಕನ್ನಡದಲ್ಲಿಯೇ ಕೇಳಿದ ನಮ್ಮ ಸೀಮೆಯ ನ್ಯಾಯವಾದಿಗಳಲ್ಲಿ ಅಗ್ರಗಣ್ಯರು. ಹದಿನೈದು ವರ್ಷ ಅವರ ಗುಮಾಸ್ತನಾಗಿದ್ದ ನನಗೆ ಹೀಗೆನ್ನುವ ಅಧಿಕಾರವಿದೆ. ಅವರಿಂದ ನನ್ನಷ್ಟು ಬೈಸಿಕೊಂಡವರು ಇನ್ನೊಬ್ಬರಿಲ್ಲ.

೧೯೩೯ರಲ್ಲಿ ಊರಿಗೊಂದು ಹತ್ತಿ ಗಿರಣಿ ಬಂತು. ಉದ್ಯಮ ಬೆಳೆಯಲೆಂದು ಸರ್ಕಾರ ಅದಕ್ಕೆ ಸುಂಕ ಬಿಟ್ಟಿತು; ಪ್ರತಿಯಾಗಿ ಗಿರಣಿಯವರು ಸಂತೆ ಬಯಲಲ್ಲಿ ಬಾವಿ ತೋಡಿಸಬೇಕು, ಊರವರಿಗೇ ಕೆಲಸ ಕೊಡಬೇಕು ಎಂಬ ಷರತ್ತಿತ್ತು. ಎರಡು ವರ್ಷ ಕಳೆದರೂ ಬಾವಿಯಿಲ್ಲ, ಕೆಲಸವಿಲ್ಲ. ಗಿರಣಿಗೆ ಬಿಟ್ಟ ಸುಂಕದ ಖೋತಾ ತುಂಬಲು ಸಂತೆಯ ಬುಟ್ಟಿಗಳ ಸುಂಕ ಮಾತ್ರ ಇಮ್ಮಡಿಯಾಯಿತು. ಮೆಣಸಿನಕಾಯಿ ಮಾರುವ ಹುಲಿಗವ್ವ ಅದನ್ನು ಕೊಡಲಾರದೆ ಸಂತೆಯ ಜಾಗವನ್ನೇ ಕಳೆದುಕೊಳ್ಳುವುದರಲ್ಲಿದ್ದಾಗ, ಹೊನ್ನೂರಪ್ಪನವರು ಫೀಜು ಕೇಳದೆ, ಗಿರಣಿಗೆ ಸುಂಕ ಬಿಟ್ಟಿದ್ದರ ವಿರುದ್ಧ ಆಕೆಯ ಹೆಸರಿನಲ್ಲಿ ತಕರಾರು ಅರ್ಜಿ ಹಾಕಿದರು.

ಸರ್ಕಾರ ಬಿಟ್ಟ ಸುಂಕವನ್ನು ಪ್ರಶ್ನಿಸಲು ಈ ಬುಟ್ಟಿಯವಳು ಯಾರು ಎಂದು ಗಿರಣಿಯ ವಕೀಲರು ವಿಚಾರಣೆಯಲ್ಲಿ ನಕ್ಕರು. ನಮ್ಮವರು ಆಕೆಯ ಹಳೆಯ ಸುಂಕದ ಪಾವತಿಗಳನ್ನು ಮೇಜಿನ ಮೇಲಿಟ್ಟು, ಸುಂಕ ಕೊಟ್ಟವಳು ಎಂದಷ್ಟೇ ಉತ್ತರಿಸಿದರು.

ವಿಚಾರಣೆ ನಡೆಸುತ್ತಿದ್ದ ಸಾಹೇಬರು ಉರ್ದುವಿನಲ್ಲಿ ಕೇಳಿದ್ದನ್ನು ಹುಲಿಗವ್ವನಿಗೆ ಕನ್ನಡದಲ್ಲಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಮನೆಮಾತು ಉರ್ದುವಾದ ನಾನು ಗಡಿಬಿಡಿಯಲ್ಲಿ, "ಗಿರಣಿಯವ್ರಿಗೆ ಮಾಫಿ ಕೊಟ್ಟಿದ್ದಕ್ಕ ನಿನ್ನ ತಕರಾರೇನವ್ವ?" ಎಂದುಬಿಟ್ಟೆ. ಸುಂಕ ಬಿಡುವುದಕ್ಕೂ ಮಾಫಿ ಎನ್ನುತ್ತಾರೆಂದು ಆಕೆಗೇನು ಗೊತ್ತು? ಆಕೆಗೆ ಮಾಫಿಯೆಂದರೆ ಕ್ಷಮೆ.

"ತಪ್ಪು ಮಾಡಿದವ್ರಿಗೆ ಮಾಫಿ ಕೊಡ್ತಾರ್ರಿ. ಇವ್ರು ಏನ್ ತಪ್ಪು ಮಾಡ್ಯಾರ, ಅದನ್ನ ಮೊದ್ಲ ಹೇಳ್ರಿ!"

ಕಚೇರಿಯೆಲ್ಲ ನಕ್ಕಿತು. ನಾಚಿಕೆಯಿಂದ ನಾನು ತಲೆ ತಗ್ಗಿಸಿದೆ. ಹೊನ್ನೂರಪ್ಪನವರು ಮಾತ್ರ ಎದ್ದುನಿಂತು, ಆ ತಪ್ಪನ್ನು ಹೇಳಲೆಂದೇ ತಾವು ಬಂದಿರುವುದಾಗಿ ಸಾಹೇಬರಿಗೆ ಅರಿಕೆ ಮಾಡಿ, ಮುರಿದ ಷರತ್ತುಗಳನ್ನು ಒಂದೊಂದಾಗಿ ಓದಿದರು. ನಗು ನಿಂತಿತು. ಗಿರಣಿಯ ಮಾಫಿ ರದ್ದಾಯಿತು, ಬುಟ್ಟಿಯ ಸುಂಕ ಮೊದಲಿನಂತಾಯಿತು, ಮರುವಾರದ ಸಂತೆಯಲ್ಲಿ ಹುಲಿಗವ್ವ ತನ್ನ ಜಾಗದಲ್ಲೇ ಕುಳಿತಳು! ಬೈಗುಳಕ್ಕೆ ಕಾದಿದ್ದ ನನ್ನ ಬೆನ್ನು ತಟ್ಟಿ ವಕೀಲರು, "ಶಾಮೀದಸಾಬ, ಇವತ್ತ ಭಾಳ ಛಲೋ ತಪ್ಪಿದಿ" ಎಂದರು. ಅಂದಿನ ಸಂತೋಷ ಇಂದಿಗೂ ಆರಿಲ್ಲ.

ಮೊನ್ನೆ ಸಂತೆಯಲ್ಲಿ ಹುಲಿಗವ್ವನಿಗೆ ಈ ನಿವೃತ್ತಿಯ ಸುದ್ದಿ ಹೇಳಿದೆ. ಆಕೆ ತಕ್ಕಡಿ ಕೆಳಗಿಟ್ಟಳು.

"ವಕೀಲರಿಗೆ ಕೆಲ್ಸ ಮಾಫಿ ಆತೇನ್ರಿ? ಅವ್ರೇನ್ ತಪ್ಪು ಮಾಡ್ಯಾರ? ನಂದು ತಕರಾರೈತಿ, ಬರ್ಕೋರಿ!"

ಬರೆದುಕೊಂಡಿದ್ದೇನೆ. ಶ್ರೀಯುತರು ನೂರು ವರ್ಷ ಬಾಳಲಿ, ಸಂತೆಯ ದಿನವಾದರೂ ಕಚೇರಿಯ ಕಟ್ಟೆಗೆ ಬಂದು ಕುಳಿತುಕೊಳ್ಳಲಿ ಎಂಬುದೇ ನಮ್ಮಿಬ್ಬರ ಈ ಅರ್ಜಿಯ ಪ್ರಾರ್ಥನೆ.